ಮ್ಯಾಕ್ರೋ ಒಳಗೆ ಎರರ್ ಬಂದರೆ ಬೈಸಿಕೊಳ್ಳಬೇಕಾದವರು ಯಾರು?

ಅಸೆಂಬ್ಲರ್ ಮ್ಯಾಕ್ರೋಗಳ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಎರರ್ ಮತ್ತು ವಾರ್ನಿಂಗ್ ಬಗ್ಗೆಯೇ ಇವೆ. ಅಸೆಂಬ್ಲರ್ ಅಂದರೆ ಅಸೆಂಬ್ಲಿ ಭಾಷೆಯ ಸೂಚನೆಗಳನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ. ಮ್ಯಾಕ್ರೋ ಅಂದರೆ ಹೆಸರಿಟ್ಟ ಕೆಲವು ಸಾಲು; ಆ ಹೆಸರನ್ನು ಕರೆದ ಕಡೆ ಅಸೆಂಬ್ಲರ್ ಆ ಸಾಲುಗಳನ್ನು ತುಂಬಿಸುವುದಕ್ಕೆ ‘ಬಿಡಿಸುವುದು’ ಅನ್ನುತ್ತೇನೆ. ಒಂದೇ ಥರದವನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇನೆ. ಕೋಡನ್ನು ಹಾಗೇ ಅಚ್ಚು ಮಾಡುವ ಬದಲು ಮಾತಿನಲ್ಲೇ ವಿವರಿಸಿದ್ದೇನೆ. ಅಸೆಂಬ್ಲಿ ಗೊತ್ತಿದ್ದವರಿಗೆ ಕಷ್ಟ ಆಗಲಿಕ್ಕಿಲ್ಲ.

ಪ್ರಶ್ನೆ: ಕಲಿಯುವ ಹುಚ್ಚಿಗೆ ನಾನೇ ಒಂದು ಚಿಕ್ಕ ಅಸೆಂಬ್ಲರ್ ಬರೆಯುತ್ತಿದ್ದೇನೆ. ಮ್ಯಾಕ್ರೋ ಸೇರಿಸಿದ ಮೇಲೆ ತಲೆನೋವು ಶುರು. ಮ್ಯಾಕ್ರೋ ಬಿಡಿಸಿದಾಗ ಹುಟ್ಟಿದ ಸಾಲಿನಲ್ಲಿ ತಪ್ಪಿದ್ದರೆ ಯಾವ ಸಾಲಿನ ನಂಬರ್ ತೋರಿಸಬೇಕು? ಮ್ಯಾಕ್ರೋವನ್ನು ಕರೆದ ಸಾಲೋ, ಮ್ಯಾಕ್ರೋ ಒಳಗಿನ ಸಾಲೋ?

ಉತ್ತರ: ಎರಡೂ. ಇದರಲ್ಲಿ ಚೌಕಾಸಿ ಬೇಡ.

ಯಾಕೆ ಅಂತ ನೋಡೋಣ. ಎಕ್ಸ್86 ಯಂತ್ರಕ್ಕೆ ‘ಔಟ್‌ಬೈಟ್’ ಅಂತ ಒಂದು ಮ್ಯಾಕ್ರೋ ಇದೆ ಅಂದುಕೊಳ್ಳಿ. ಎರಡು ಪ್ಯಾರಾಮೀಟರ್: ಪೋರ್ಟ್ ನಂಬರ್, ಕಳಿಸಬೇಕಾದ ಬೆಲೆ. ಒಳಗೆ ಮೂರೇ ಸಾಲು. ಪೋರ್ಟ್ ನಂಬರನ್ನು ಡಿಎಕ್ಸ್ ರಿಜಿಸ್ಟರಿಗೆ (ಪ್ರೊಸೆಸರಿನೊಳಗಿನ ಪುಟ್ಟ ಖಾನೆಗೆ) ಹಾಕು, ಬೆಲೆಯನ್ನು ಎಎಲ್‌ಗೆ ಹಾಕು, ಔಟ್ ಮಾಡು. ಈಗ ಯಾರೋ ಇದನ್ನು ಕರೆಯುವಾಗ ಬೆಲೆ ಅಂತ 300 ಕೊಟ್ಟರು. ಎಎಲ್ 8 ಬಿಟ್ಟಿನದು, 255ರ ಮೇಲೆ ಹಿಡಿಯುವುದಿಲ್ಲ. ಎರಡನೇ ಸಾಲಿನಲ್ಲಿ ತಕರಾರು ಬಂತು. ತಪ್ಪು ಕರೆದವರದು, ಮ್ಯಾಕ್ರೋ ಸರಿಯಾಗಿಯೇ ಇದೆ.

ಇನ್ನೊಂದು ಸಲ ಕರೆದವರು 65 ಕೊಟ್ಟಿದ್ದಾರೆ, ಅದು ಸರಿಯೇ. ಆದರೆ ಮ್ಯಾಕ್ರೋ ಬರೆದವರು ಮೂರನೇ ಸಾಲಿನಲ್ಲಿ ಎಎಲ್ ಬದಲು ಬಿಎಲ್ ಅಂತ ಕುಟ್ಟಿದ್ದಾರೆ. ಔಟ್ ಸೂಚನೆ ಎಎಲ್, ಎಎಕ್ಸ್, ಇಎಎಕ್ಸ್ ಬಿಟ್ಟರೆ ಬೇರೆ ಯಾವ ರಿಜಿಸ್ಟರಿನಿಂದಲೂ ಕಳಿಸುವುದಿಲ್ಲ. ಇಲ್ಲಿ ಕರೆದವರು ತಲೆ ಕೆರೆದುಕೊಂಡರೆ ಪ್ರಯೋಜನ ಇಲ್ಲ, ಅವರು ಬರೆದ ಸಾಲಿನಲ್ಲಿ ಬಿಎಲ್ ಅನ್ನೋದೇ ಇಲ್ಲ.

ಅಸೆಂಬ್ಲರ್ ಕಣ್ಣಿಗೆ ಎರಡೂ ಒಂದೇ. ಬಿಡಿಸಿದ ಪಠ್ಯದಲ್ಲಿ ಒಂದು ಸಾಲು ಸರಿ ಇಲ್ಲ, ಅಷ್ಟೇ. ಯಾರ ತಪ್ಪು ಅಂತ ತೀರ್ಪು ಕೊಡುವುದು ಅದರ ಕೈಲಿ ಆಗುವುದಿಲ್ಲ. ಕರೆದ ಸಾಲನ್ನು ಮಾತ್ರ ತೋರಿಸಿದರೆ ಎರಡನೇ ಸಂದರ್ಭದಲ್ಲಿ ದಾರಿ ತಪ್ಪಿಸಿದ ಹಾಗೆ. ಮ್ಯಾಕ್ರೋ ಒಳಗಿನ ಸಾಲನ್ನು ಮಾತ್ರ ತೋರಿಸಿದರೆ ಇನ್ನೂ ಮೋಸ: ಆ ಮ್ಯಾಕ್ರೋವನ್ನು ಐವತ್ತು ಕಡೆ ಕರೆದಿದ್ದರೆ ಯಾವ ಕರೆ ಅಂತ ಹುಡುಕುವುದು ಹೇಗೆ? ಹಾಗಾಗಿ ಮೂರು ವಿಷಯ ಬೇಕು: ಎಲ್ಲಿಂದ ಕರೆದದ್ದು, ಮ್ಯಾಕ್ರೋದ ಎಷ್ಟನೇ ಸಾಲು, ಪ್ಯಾರಾಮೀಟರುಗಳನ್ನು ತುಂಬಿದ ಮೇಲೆ ಆ ಸಾಲು ಹೇಗೆ ಕಾಣುತ್ತದೆ. ಮೂರನೆಯದನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಉಪಯೋಗದ್ದು. ‘ಎಎಲ್‌ಗೆ 300’ ಅಂತ ಕಣ್ಣಿಗೆ ಬಿದ್ದರೆ ಉಳಿದದ್ದನ್ನು ಓದುವ ಅಗತ್ಯವೇ ಇಲ್ಲ.

ಚಾಲ್ತಿಯಲ್ಲಿರುವ ಅಸೆಂಬ್ಲರ್‌ಗಳು ಏನು ಮಾಡುತ್ತವೆ ನೋಡಿ. ಮೈಕ್ರೋಸಾಫ್ಟಿನ ಮ್ಯಾಸಮ್ ಮೊದಲು ಎರರ್ ಹೇಳಿ, ಅದರ ಕೆಳಗೆ ‘ಮ್ಯಾಕ್ರೋ ಕಾಲ್ಡ್ ಫ್ರಮ್’ ಅಂತ ಮ್ಯಾಕ್ರೋ ಹೆಸರು ಮತ್ತು ಸಾಲು, ಕೊನೆಗೆ ‘ಮೇನ್ ಲೈನ್ ಕೋಡ್’ ಅಂತ ಮೂಲ ಫೈಲಿನ ಸಾಲು ಕೊಡುತ್ತದೆ. ನೋಡಲು ಹಳೇ ಕಾಲದ್ದು, ಆದರೆ ಬೇಕಾದ ದಾರಿ ಅದರಲ್ಲಿ ಇದೆ. ಎಲ್‌ಎಲ್‌ವಿಎಂ ಅಸೆಂಬ್ಲರ್ ಫೈಲ್ ಹೆಸರಿನ ಜಾಗದಲ್ಲಿ ‘ಇನ್‌ಸ್ಟಾನ್ಶಿಯೇಶನ್’ ಅಂತ ಬರೆದು, ಬಿಡಿಸಿದ ಸಾಲನ್ನೇ ತೋರಿಸಿ, ಕೆಳಗೆ ಕರೆದ ಜಾಗವನ್ನು ಟಿಪ್ಪಣಿಯಾಗಿ ಕೊಡುತ್ತದೆ. ಇದರಲ್ಲಿ ಬಿಡಿಸಿದ ಪಠ್ಯ ಸಿಗುತ್ತದೆ ಅನ್ನೋದು ಒಳ್ಳೆಯದು. ಆದರೆ ಮೂಲ ಮ್ಯಾಕ್ರೋ ಯಾವ ಫೈಲಿನಲ್ಲಿದೆ ಅಂತ ಆ ಸಾಲೇ ಹೇಳುವುದಿಲ್ಲ, ಅದು ಕಿರಿಕಿರಿ. ಹಳೆಯ ಗ್ನೂ ಅಸೆಂಬ್ಲರ್ ಕರೆದ ಸಾಲನ್ನಷ್ಟೇ ಹೇಳಿ ಸುಮ್ನೆ ಆಗುತ್ತಿತ್ತು. ಹೊಸ ಆವೃತ್ತಿಗಳು ಮ್ಯಾಕ್ರೋ ಒಳಗಿನ ಸಾಲನ್ನೂ ಅದನ್ನು ಎಲ್ಲಿಂದ ಕರೆದದ್ದು ಅನ್ನುವುದನ್ನೂ ಕೊಡುತ್ತವೆ.

ಈಗ ನಿಮ್ಮ ಅಸೆಂಬ್ಲರ್‌ಗೆ ಬರೋಣ. ಪ್ರತಿ ಸಾಲಿನ ಜೊತೆ ಬರೀ ಒಂದು ನಂಬರ್ ಇಟ್ಟುಕೊಂಡರೆ ಸಾಲದು. ಒಂದು ಪುಟ್ಟ ದಾಖಲೆ ಇಡಿ: ಯಾವ ಫೈಲ್, ಎಷ್ಟನೇ ಸಾಲು, ಮತ್ತು ಇದನ್ನು ಹುಟ್ಟಿಸಿದ ಕರೆಯ ದಾಖಲೆಗೆ ಒಂದು ಕೊಂಡಿ. ಮ್ಯಾಕ್ರೋ ಒಳಗೆ ಮ್ಯಾಕ್ರೋ ಇದ್ದರೆ ಕೊಂಡಿ ಹಿಡಿದು ಮೇಲೆ ಹೋಗುತ್ತಾ ಹೋದರಾಯಿತು, ಇಡೀ ವಂಶಾವಳಿ ಸಿಗುತ್ತದೆ.

ಇಲ್ಲಿ ಒಂದು ಗುಂಡಿ ಇದೆ. ಹೊಸಬರು ಈ ದಾಖಲೆಗಳನ್ನು ಸ್ಟ್ಯಾಕಿನಲ್ಲಿ ಇಟ್ಟು, ಮ್ಯಾಕ್ರೋ ಮುಗಿದ ತಕ್ಷಣ ತೆಗೆದು ಬಿಸಾಕುತ್ತಾರೆ. ಬಿಡಿಸುತ್ತಿರುವಾಗಲೇ ಸಿಕ್ಕಿಬೀಳುವ ತಪ್ಪುಗಳಿಗೆ ಇದು ಸಾಕು. ಆದರೆ ಎಷ್ಟೋ ತಪ್ಪುಗಳು ಗೊತ್ತಾಗುವುದು ಕೊನೆಯಲ್ಲಿ, ಎಲ್ಲಾ ಲೇಬಲ್‌ಗಳ (ಕೋಡಿನ ಜಾಗಗಳಿಗೆ ಇಟ್ಟ ಹೆಸರುಗಳ) ವಿಳಾಸ ಸಿಕ್ಕಿದ ಮೇಲೆ. ಎಕ್ಸ್86ರ ‘ಲೂಪ್’ ಸೂಚನೆಯನ್ನೇ ತಗೊಳ್ಳಿ. ಅದು ಹಿಂದಕ್ಕೆ 128 ಬೈಟ್, ಮುಂದಕ್ಕೆ 127 ಬೈಟ್ ಅಷ್ಟೇ ಹಾರಬಲ್ಲದು, ಅದಕ್ಕೆ ಉದ್ದದ ರೂಪವೇ ಇಲ್ಲ. ಮ್ಯಾಕ್ರೋ ಒಳಗೆ ಲೂಪ್ ಇದ್ದು, ಗುರಿ ಮುಂದೆಲ್ಲೋ ಇದ್ದು, ದೂರ ಜಾಸ್ತಿ ಆಯಿತು ಅಂತ ಗೊತ್ತಾಗುವ ಹೊತ್ತಿಗೆ ಆ ಮ್ಯಾಕ್ರೋ ಬಿಡಿಸಿ ಎಷ್ಟೋ ಹೊತ್ತಾಗಿರುತ್ತದೆ. ಸ್ಟ್ಯಾಕ್ ಖಾಲಿ. ಆಗ ಅಸೆಂಬ್ಲರ್ ತನಗೆ ತೋಚಿದ ಸಾಲಿನ ನಂಬರ್ ಹೇಳುತ್ತದೆ, ಕೆಲವು ಸಲ ಫೈಲಿನ ಕೊನೇ ಸಾಲು. ಹಾಗಾಗಿ ದಾಖಲೆಗಳನ್ನು ಅಸೆಂಬ್ಲಿ ಪೂರ್ತಿ ಮುಗಿಯುವ ತನಕ ಇಟ್ಟುಕೊಳ್ಳಿ. ಮೆಮೊರಿ ಬಗ್ಗೆ ಚಿಂತೆ ಬೇಡ, ಈಗಿನ ಯಂತ್ರಗಳಿಗೆ ಅದು ಲೆಕ್ಕಕ್ಕೇ ಇಲ್ಲ.

ಇನ್ನೂ ಉತ್ಸಾಹ ಇದ್ದರೆ ಒಂದು ಹೆಜ್ಜೆ ಮುಂದೆ ಹೋಗಿ. ಸಾಲಿಗೆ ಮಾತ್ರ ಅಲ್ಲ, ಪ್ರತಿ ಟೋಕನ್‌ಗೂ (ಸಾಲಿನೊಳಗಿನ ಒಂದೊಂದು ಪದ, ಸಂಖ್ಯೆ, ಚಿಹ್ನೆಗೂ) ಹುಟ್ಟಿದ ಜಾಗ ನೆನಪಿಡಿ. ಆಗ 300 ಅನ್ನೋದು ಕರೆದವರ ಕಡೆಯಿಂದ ಬಂದದ್ದು, ಬಿಎಲ್ ಅನ್ನೋದು ಮ್ಯಾಕ್ರೋದಲ್ಲೇ ಇದ್ದದ್ದು ಅಂತ ಅಸೆಂಬ್ಲರ್‌ಗೆ ಗೊತ್ತಾಗುತ್ತದೆ. ತೀರ್ಪು ಕೊಡಲು ಆಗದಿದ್ದರೂ ಬೆರಳು ತೋರಿಸಲು ಆಗುತ್ತದೆ: ತಕರಾರಿನ ಟೋಕನ್ ಆರ್ಗ್ಯುಮೆಂಟಿನಿಂದ (ಕರೆಯುವಾಗ ಪ್ಯಾರಾಮೀಟರಿಗೆ ಕೊಟ್ಟದ್ದರಿಂದ) ಬಂದಿದ್ದರೆ ಕರೆದ ಸಾಲನ್ನು ಮೇಲೆ ಹಾಕಿ, ಮ್ಯಾಕ್ರೋ ಒಡಲಿನಿಂದ ಬಂದಿದ್ದರೆ ಒಳಗಿನ ಸಾಲನ್ನು ಮೇಲೆ ಹಾಕಿ. ಸಿ ಭಾಷೆಯ ಜಿಸಿಸಿ ಕಂಪೈಲರಿಗೆ ಟೋಕನ್‌ಗಳ ಜಾಡು ಹಿಡಿಯುವ ಈ ಬುದ್ಧಿ ಬಂದದ್ದು 4.7 ಆವೃತ್ತಿಯಲ್ಲಿ, 2012ರಲ್ಲಿ. ಹಾಗಾಗಿ ನಿಮ್ಮ ಮೊದಲ ಆವೃತ್ತಿಯಲ್ಲಿ ಇಲ್ಲದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮ್ಯಾಕ್ರೋದಲ್ಲಿ ಒಂದೇ ಒಂದು ತಪ್ಪು. ಎರರ್ ಮಾತ್ರ ಪರದೆ ತುಂಬಾ, ಮೇಲಕ್ಕೆ ಉರುಳಿಸಿ ಉರುಳಿಸಿ ಸಾಕಾಯಿತು. ಅಸೆಂಬ್ಲರ್ ಇದನ್ನು ತಡೆಯಬಾರದಾ?

ಉತ್ತರ: ತಡೆಯಬೇಕು, ಆದರೆ ಹುಷಾರಾಗಿ. ಇದರಲ್ಲಿ ಎರಡು ಬೇರೆ ಬೇರೆ ರೋಗ ಇದೆ.

ಮೊದಲನೆಯದು, ಅದೇ ತಪ್ಪು ಪ್ರತಿ ಕರೆಯಲ್ಲೂ ಮರುಕಳಿಸುವುದು. ಮೇಲೆ ಹೇಳಿದ ಬಿಎಲ್ ತಪ್ಪನ್ನು ನೂರು ಕಡೆ ಕರೆದರೆ ನೂರು ಎರರ್. ಇಲ್ಲಿ ಮ್ಯಾಕ್ರೋದ ಅದೇ ಸಾಲು, ಅದೇ ಸಂದೇಶ, ಮತ್ತು ತಕರಾರಿನ ಟೋಕನ್ ಮ್ಯಾಕ್ರೋ ಒಡಲಿನದೇ ಆಗಿದ್ದರೆ ಮೊದಲನೆಯದನ್ನು ಪೂರ್ತಿ ತೋರಿಸಿ, ಉಳಿದದ್ದಕ್ಕೆ ‘ಇದೇ ತಪ್ಪು ಇನ್ನೂ 99 ಕರೆಗಳಲ್ಲಿ ಇದೆ’ ಅಂತ ಒಂದು ಸಾಲು ಸಾಕು. ಆದರೆ ಟೋಕನ್ ಆರ್ಗ್ಯುಮೆಂಟಿನಿಂದ ಬಂದಿದ್ದರೆ ದಯವಿಟ್ಟು ಒಟ್ಟು ಮಾಡಬೇಡಿ. ಒಬ್ಬರು 300 ಕೊಟ್ಟಿದ್ದಾರೆ, ಇನ್ನೊಬ್ಬರು 700 ಕೊಟ್ಟಿದ್ದಾರೆ, ಇವು ಎರಡು ಬೇರೆ ತಪ್ಪು. ಎರಡನ್ನೂ ಬೇರೆ ಬೇರೆಯಾಗಿ ತಿದ್ದಬೇಕು.

ಎರಡನೆಯದು ಸರಪಳಿ. ಮ್ಯಾಕ್ರೋ ಒಳಗೆ ಒಂದು ಲೇಬಲ್ ಇದೆ, ಅದೇ ಸಾಲಿನ ಸೂಚನೆಯಲ್ಲಿ ತಪ್ಪಿದೆ. ಅಸೆಂಬ್ಲರ್ ಆ ಸಾಲನ್ನು ಪೂರ್ತಿ ಕೈಬಿಟ್ಟರೆ ಲೇಬಲ್ ಕೂಡ ಹೋಯಿತು. ಆಮೇಲೆ ಅದನ್ನು ಬಳಸಿದ ಕಡೆಯೆಲ್ಲಾ ‘ಇಂಥ ಹೆಸರು ಗೊತ್ತಿಲ್ಲ’ ಅಂತ ಎರರ್. ಅವೆಲ್ಲಾ ಸುಳ್ಳು ಎರರ್‌ಗಳು. ಇದಕ್ಕೆ ಮದ್ದು: ಸೂಚನೆ ತಪ್ಪಿದ್ದರೂ ಲೇಬಲನ್ನು ದಾಖಲಿಸಿ, ಮತ್ತು ಆ ಸೂಚನೆಗೆ ಒಂದು ಅಂದಾಜು ಉದ್ದ ಕೊಟ್ಟು ಮುಂದೆ ಹೋಗಿ. ಉದ್ದ ಸೊನ್ನೆ ಅಂತ ಇಟ್ಟರೆ ಮುಂದಿನ ವಿಳಾಸಗಳೆಲ್ಲಾ ಸರಿದು, ಅಲೈನ್‌ಮೆಂಟ್ (ವಿಳಾಸ ನಿಗದಿತ ಸಂಖ್ಯೆಯಿಂದ ಭಾಗವಾಗಬೇಕು ಅನ್ನುವ) ಪರೀಕ್ಷೆಗಳು ಸೋತು, ಮತ್ತೊಂದು ಸುತ್ತಿನ ಸುಳ್ಳು ಎರರ್ ಹುಟ್ಟಬಹುದು.

ತನ್ನನ್ನು ತಾನೇ ಕರೆಯುವ ಮ್ಯಾಕ್ರೋ ನಿಲ್ಲದೇ ಹೋದರೆ? ಅದಕ್ಕೆ ಒಂದು ಮಿತಿ ಇರಲೇಬೇಕು. ಗ್ನೂ ಅಸೆಂಬ್ಲರ್ 100 ಹಂತದ ಆಚೆ ಬಿಡುವುದಿಲ್ಲ, ಎಲ್‌ಎಲ್‌ವಿಎಂ ಸುಮ್ಮನೆ ಬಿಟ್ಟರೆ 20ಕ್ಕೇ ನಿಲ್ಲಿಸುತ್ತದೆ. ಐಬಿಎಂ ಮೇನ್‌ಫ್ರೇಮಿನ ಹೈ ಲೆವೆಲ್ ಅಸೆಂಬ್ಲರ್ ಇನ್ನೊಂದು ಕಡೆಯಿಂದ ಕಟ್ಟುತ್ತದೆ. ಮ್ಯಾಕ್ರೋ ಒಳಗಿನ ಕವಲು ಸೂಚನೆಗಳನ್ನು ಎಣಿಸುತ್ತಾ ಹೋಗಿ 4096 ದಾಟಿದರೆ ನಿಲ್ಲಿಸುತ್ತದೆ, ಬೇಕಿದ್ದರೆ ‘ಎಸಿಟಿಆರ್’ ಅನ್ನುವ ನಿರ್ದೇಶನದಿಂದ (ಅಸೆಂಬ್ಲರಿಗೇ ಕೊಡುವ ಆದೇಶದಿಂದ) ಆ ಮಿತಿ ಬದಲಿಸಬಹುದು. ನೀವು ಯಾವುದನ್ನಾದರೂ ಆರಿಸಿ. ಆದರೆ ಮಿತಿ ಮುಟ್ಟಿದಾಗ ನೂರು ಹಂತವನ್ನೂ ಅಚ್ಚು ಮಾಡಬೇಡಿ! ಮೇಲಿನ ಮೂರು, ಕೆಳಗಿನ ಮೂರು, ನಡುವೆ ‘ಇನ್ನೂ ಇಷ್ಟು ಹಂತ ಇದೆ’ ಅಂತ ಒಂದು ಸಾಲು. ಸಿ ಮ್ಯಾಕ್ರೋಗಳ ಜಾಡನ್ನು ಕ್ಲ್ಯಾಂಗ್ ಕಂಪೈಲರ್ ಕೂಡ ಹೀಗೇ ಮೊಟಕು ಮಾಡುತ್ತದೆ, ಅದರ ಮಾಮೂಲಿ ಮಿತಿ 6.

ಪ್ರಶ್ನೆ: ಮ್ಯಾಕ್ರೋಗೆ ಮೂರು ಆರ್ಗ್ಯುಮೆಂಟ್ ಬೇಕು, ನಾನು ಎರಡೇ ಕೊಟ್ಟೆ. ಅಸೆಂಬ್ಲರ್ ಏನೂ ಹೇಳದೆ ಮುಂದೆ ಹೋಯಿತು, ಆಮೇಲೆ ಪ್ರೋಗ್ರಾಂ ಬಿದ್ದುಹೋಯಿತು. ಇದು ಎರರ್ ಆಗಬೇಕಿತ್ತು ಅಲ್ವಾ?

ಉತ್ತರ: ಹೌದು, ಆಗಬೇಕಿತ್ತು. ಆದರೆ ಪ್ರತಿ ಅಸೆಂಬ್ಲರಿನ ಸಂಪ್ರದಾಯ ಬೇರೆ.

ಗ್ನೂ ಅಸೆಂಬ್ಲರಿನಲ್ಲಿ ಕೊಡದೇ ಬಿಟ್ಟ ಆರ್ಗ್ಯುಮೆಂಟ್ ಅಂದರೆ ಖಾಲಿ ಪಠ್ಯ, ಅಷ್ಟೇ. ಅದು ಒಳಗೆ ತುಂಬಿದಾಗ ವಾಕ್ಯ ಕೆಟ್ಟರೆ ಎರರ್, ಕೆಡದಿದ್ದರೆ ಸದ್ದಿಲ್ಲದೆ ಬೇರೆ ಅರ್ಥ. ‘ಬೆಲೆ ಪ್ಲಸ್ ಆಫ್‌ಸೆಟ್’ ಅಂತ ಬರೆದ ಕಡೆ ಮೊದಲನೆಯದು ಖಾಲಿಯಾದರೆ ‘ಪ್ಲಸ್ ಆಫ್‌ಸೆಟ್’ ಉಳಿಯುತ್ತದೆ, ಅದು ಕಾನೂನುಬದ್ಧವೇ! ನಿಮಗೆ ಆಗಿರುವುದು ಹೆಚ್ಚು ಕಡಿಮೆ ಇದೇ ಇರಬೇಕು. ತಪ್ಪಿಸಲು ದಾರಿ ಇದೆ. ಪ್ಯಾರಾಮೀಟರ್ ಹೆಸರಾದ ಮೇಲೆ ಕೋಲನ್ ಹಾಕಿ ‘ರೆಕ್’ ಅಂತ ಬರೆದರೆ ಅದು ಕಡ್ಡಾಯ ಆಗುತ್ತದೆ. ಮ್ಯಾಸಮ್‌ನಲ್ಲೂ ಇದೇ ಸೌಲಭ್ಯ ಇದೇ ಹೆಸರಿನಲ್ಲಿದೆ. ನಾನಂತೂ ಪ್ರತಿ ಪ್ಯಾರಾಮೀಟರಿಗೂ ಅದನ್ನು ಹಾಕಿ, ನಿಜವಾಗಿ ಐಚ್ಛಿಕ ಆಗಿರುವುದಕ್ಕೆ ಮಾತ್ರ ತೆಗೆಯುತ್ತೇನೆ.

ನ್ಯಾಸಮ್ ಅನ್ನುವ ಇನ್ನೊಂದು ಎಕ್ಸ್86 ಅಸೆಂಬ್ಲರಿನ ಕಥೆ ಸ್ವಲ್ಪ ಬೇರೆ. ಅದರಲ್ಲಿ ಒಂದೇ ಹೆಸರಿನ ಮ್ಯಾಕ್ರೋವನ್ನು ಬೇರೆ ಬೇರೆ ಸಂಖ್ಯೆಯ ಪ್ಯಾರಾಮೀಟರ್ ಇಟ್ಟು ಹಲವು ಸಲ ಬರೆಯಬಹುದು. ಹೆಸರು ಒಂದೇ ಇದ್ದು ಸಂಖ್ಯೆ ಯಾವುದಕ್ಕೂ ಹೊಂದದಿದ್ದರೆ ವಾರ್ನಿಂಗ್ ಕೊಡುತ್ತದೆ, ಎರರ್ ಅಲ್ಲ, ಯಾಕೆಂದರೆ ಅದು ನಿಜವಾದ ಸೂಚನೆಯೂ ಆಗಿರಬಹುದು. ‘ಪುಷ್’ ಅನ್ನುವ ಹೆಸರಿನಲ್ಲೇ ಎರಡು ಪ್ಯಾರಾಮೀಟರಿನ ಮ್ಯಾಕ್ರೋ ಮಾಡಿ, ಒಂದೇ ಕೊಟ್ಟಾಗ ಮೂಲ ಸೂಚನೆ ಬರಲಿ ಅಂತ ಬಯಸುವವರು ಇದ್ದಾರೆ. ಅವರನ್ನು ಎರರ್ ಕೊಟ್ಟು ತಡೆಯಲಾಗದು.

ಇದರ ಪಕ್ಕದಲ್ಲೇ ಇನ್ನೊಂದು ಬಲೆ. ಆರ್ಗ್ಯುಮೆಂಟೇ ಇಲ್ಲದ ಮ್ಯಾಕ್ರೋ ಹೆಸರನ್ನು ತಪ್ಪಾಗಿ ಟೈಪ್ ಮಾಡಿದರೆ ನ್ಯಾಸಮ್‌ಗೆ ಅದು ಲೇಬಲ್ ಥರ ಕಾಣುತ್ತದೆ, ಯಾಕೆಂದರೆ ಲೇಬಲ್ ಮುಂದೆ ಕೋಲನ್ ಕಡ್ಡಾಯ ಅಲ್ಲ. ಸಾಲಿನಲ್ಲಿ ಒಂದೇ ಪದ, ಅದು ಸೂಚನೆಯೂ ಅಲ್ಲ, ಮ್ಯಾಕ್ರೋವೂ ಅಲ್ಲ, ಅಂದರೆ ಲೇಬಲ್ಲೇ ಇರಬೇಕು ಅಂತ ಅದರ ಲೆಕ್ಕ. ಕೋಡ್ ಒಂದೂ ಹುಟ್ಟುವುದಿಲ್ಲ. ‘ಲೋಡ್‌ಎಸ್‌ಬಿ’ ಸೂಚನೆ ಬರೆಯಲು ಹೋಗಿ ಒಂದಕ್ಷರ ತಪ್ಪಿದರೂ ಇದೇ ಗತಿ. ಇದಕ್ಕೆ ನ್ಯಾಸಮ್ ‘ಅನಾಥ ಲೇಬಲ್’ ವಾರ್ನಿಂಗ್ ಕೊಡುತ್ತದೆ, ಅದು ಈಗ ತಾನಾಗಿಯೇ ಚಾಲೂ ಇರುತ್ತದೆ. ಅದನ್ನು ಯಾವತ್ತೂ ಆಫ್ ಮಾಡಬೇಡಿ. ಲೇಬಲ್‌ಗಳಿಗೆಲ್ಲಾ ಕೋಲನ್ ಹಾಕುವ ಅಭ್ಯಾಸ ಇಟ್ಟುಕೊಂಡರೆ ಈ ವಾರ್ನಿಂಗ್ ಬಂದಾಗಲೆಲ್ಲಾ ಅದು ನಿಜವಾದ ತಪ್ಪೇ ಆಗಿರುತ್ತದೆ.

ಪ್ರಶ್ನೆ: ನಾನು ಬರೆದ ಮ್ಯಾಕ್ರೋಗಳನ್ನು ಬೇರೆಯವರು ಬಳಸುತ್ತಾರೆ. ಅವರು ತಪ್ಪು ಬೆಲೆ ಕೊಟ್ಟರೆ ಮ್ಯಾಕ್ರೋವೇ ತಿಳಿಸುವ ಹಾಗೆ ಮಾಡಬಹುದಾ?

ಉತ್ತರ: ಮಾಡಬಹುದು, ಮಾಡಲೇಬೇಕು. ಮೊದಲ ಪ್ರಶ್ನೆಯಲ್ಲಿ ಅಸೆಂಬ್ಲರ್‌ಗೆ ಯಾರ ತಪ್ಪು ಅಂತ ಗೊತ್ತಾಗುವುದಿಲ್ಲ ಅಂದೆನಲ್ಲ, ಆ ಸಂಗತಿ ಗೊತ್ತಿರುವುದು ಮ್ಯಾಕ್ರೋ ಬರೆದವರಿಗೆ ಮಾತ್ರ. ಪೋರ್ಟಿಗೆ 255ರ ಮೇಲೆ ಕಳಿಸುವುದು ತಪ್ಪು ಅನ್ನೋದು ನಿಮ್ಮ ನಿಯಮ. ಅದನ್ನು ನೀವೇ ಮೊದಲ ಸಾಲಿನಲ್ಲಿ ಪರೀಕ್ಷೆ ಮಾಡಿ, ನಿಮ್ಮ ಮಾತಿನಲ್ಲೇ ಹೇಳಿದರೆ ಓದುವವರಿಗೆ ಮ್ಯಾಕ್ರೋ ಒಳಗೆ ಇಣುಕುವ ಗೋಜೇ ಇಲ್ಲ.

ಪ್ರತಿ ಅಸೆಂಬ್ಲರಿನಲ್ಲೂ ಇದಕ್ಕೆ ನಿರ್ದೇಶನ ಇದೆ. ಗ್ನೂನಲ್ಲಿ ಡಾಟ್ ಎರರ್, ಡಾಟ್ ವಾರ್ನಿಂಗ್. ಅದರಲ್ಲೇ ಡಾಟ್ ಫೇಲ್ ಅಂತ ಒಂದು ವಿಚಿತ್ರ ಇದೆ: ಕೊಟ್ಟ ಸಂಖ್ಯೆ 500 ಅಥವಾ ಮೇಲಿದ್ದರೆ ವಾರ್ನಿಂಗ್, ಕಡಿಮೆ ಇದ್ದರೆ ಎರರ್. ಸಂಖ್ಯೆ ದೊಡ್ಡದಾದಷ್ಟೂ ತಪ್ಪು ಚಿಕ್ಕದು! ನಾನಾದರೆ ಅದನ್ನು ಮುಟ್ಟುವುದಿಲ್ಲ. ಮ್ಯಾಸಮ್‌ನಲ್ಲಿ ಡಾಟ್ ಇಆರ್‌ಆರ್ ಕುಟುಂಬವೇ ಇದೆ, ಆರ್ಗ್ಯುಮೆಂಟ್ ಖಾಲಿ ಇದ್ದರೆ ಎರರ್ ಕೊಡುವುದಕ್ಕೆ ಒಂದು, ಹೆಸರು ಗೊತ್ತಿಲ್ಲದಿದ್ದರೆ ಇನ್ನೊಂದು, ಹೀಗೆ. ಐಬಿಎಂನಲ್ಲಿ ಇದೇ ಕೆಲಸದ ಎಂನೋಟ್ ನಿರ್ದೇಶನದ ಜೊತೆ ತೀವ್ರತೆಯ ಸಂಖ್ಯೆ ಕೊಡಬಹುದು. ರೂಢಿಯಲ್ಲಿ 0 ಅಂದರೆ ಬರೀ ಮಾಹಿತಿ, 4 ವಾರ್ನಿಂಗ್, 8 ಎರರ್, 12 ಗಂಭೀರ. ಆ ಸಂಖ್ಯೆಗಳಲ್ಲಿ ದೊಡ್ಡದೇ ಅಸೆಂಬ್ಲರಿನ ರಿಟರ್ನ್ ಕೋಡಿಗೂ ಹೋಗುವುದರಿಂದ ಮುಂದಿನ ಕೆಲಸ ನಡೆಸಬೇಕೋ ಬೇಡವೋ ಅಂತ ಅದರಿಂದಲೇ ತೀರ್ಮಾನಿಸಬಹುದು. ಹಳೇ ವ್ಯವಸ್ಥೆ, ಆದರೂ ನನಗೆ ತುಂಬಾ ಇಷ್ಟ.

ನ್ಯಾಸಮ್‌ನಲ್ಲಿ ಮೂರು ಇವೆ. ಪರ್ಸೆಂಟ್ ವಾರ್ನಿಂಗ್ ಹೇಳಿ ಸುಮ್ಮನಾಗುತ್ತದೆ. ಪರ್ಸೆಂಟ್ ಎರರ್ ಬಂದರೆ ಉಳಿದ ತಪ್ಪುಗಳನ್ನೂ ಹುಡುಕಿ ಮುಗಿಸಿ ಕೊನೆಗೆ ಸೋಲುತ್ತದೆ. ಪರ್ಸೆಂಟ್ ಫೇಟಲ್ ಅಲ್ಲೇ ನಿಲ್ಲಿಸುತ್ತದೆ. ಫೇಟಲ್ ಯಾವಾಗ? ಮುಂದೆ ಹೋದರೆ ಬರುವ ಎರರ್‌ಗಳೆಲ್ಲಾ ಕಸವೇ ಆಗುತ್ತವೆ ಅಂತ ಖಾತ್ರಿ ಇದ್ದಾಗ ಮಾತ್ರ. ಉದಾಹರಣೆಗೆ ಯಾವ ಪ್ರೊಸೆಸರಿಗೆ ಅಂತಲೇ ಹೇಳದಿದ್ದರೆ. ಬೆಲೆ ತಪ್ಪಿದೆ ಅನ್ನುವುದಕ್ಕೆಲ್ಲಾ ಫೇಟಲ್ ಹಾಕಿದರೆ ಬಳಸುವವರು ಒಂದೊಂದೇ ತಪ್ಪನ್ನು ತಿದ್ದಿ ತಿದ್ದಿ ಮತ್ತೆ ಓಡಿಸಬೇಕಾಗುತ್ತದೆ.

ಇದೇ ಪ್ರಶ್ನೆಗೆ ಹೊಂದುವ ಒಂದು ಚೆಂದದ ಉದಾಹರಣೆ ಬೂಟ್ ಸೆಕ್ಟರ್, ಅಂದರೆ ಯಂತ್ರ ಶುರುವಾಗುವಾಗ ಡಿಸ್ಕಿನಿಂದ ಮೊದಲು ಓದುವ ತುಣುಕು. ಒಟ್ಟು 512 ಬೈಟ್, ಕೊನೆಯ ಎರಡು ಬೈಟ್ ಗುರುತಿಗೆ ಮೀಸಲು, ಹಾಗಾಗಿ ಕೋಡಿಗೆ 510. ಎಲ್ಲರೂ ಒಂದನ್ನೇ ಹಲವು ಸಲ ಬರೆಸುವ ‘ಟೈಮ್ಸ್’ ಬಳಸಿ 510ರಿಂದ ಇಲ್ಲಿಯವರೆಗಿನ ಉದ್ದ ಕಳೆದು ಅಷ್ಟು ಸೊನ್ನೆ ತುಂಬುತ್ತಾರೆ. ಕೋಡ್ ಜಾಸ್ತಿಯಾದರೆ ನ್ಯಾಸಮ್ ‘ಟೈಮ್ಸ್ ಬೆಲೆ ಮೈನಸ್ 7, ಅದು ಋಣ ಸಂಖ್ಯೆ’ ಅನ್ನುತ್ತದೆ. ಮೊದಲ ಸಲ ನೋಡಿದವರಿಗೆ ಏನು ಅರ್ಥ ಆದೀತು? ಅದರ ಮುಂದೆ ಒಂದು ಷರತ್ತು ಇಟ್ಟು, ಉದ್ದ 510 ದಾಟಿದರೆ ‘ಬೂಟ್ ಕೋಡ್ 510 ಬೈಟ್ ಮೀರಿದೆ’ ಅಂತ ಪರ್ಸೆಂಟ್ ಎರರ್ ಕೊಡಿ. ಎಷ್ಟು ಕೆಲಸ ಉಳಿಯುತ್ತದೆ ನೋಡಿ.

ಇಲ್ಲಿ ಅಸೆಂಬ್ಲರ್ ಬರೆಯುವವರಿಗೂ ಒಂದು ಪಾಠ ಅಡಗಿದೆ. ನ್ಯಾಸಮ್ ಫೈಲನ್ನು ಹಲವು ಸಲ ಓದುತ್ತದೆ. ಮೊದಲ ಓದಿನಲ್ಲಿ ಮುಂದಿನ ಲೇಬಲ್‌ಗಳ ಬೆಲೆ ಇನ್ನೂ ನೆಟ್ಟಗೆ ಗೊತ್ತಿರುವುದಿಲ್ಲ, ಹಾರುವ ಸೂಚನೆಗಳ ಉದ್ದ ಬದಲಾಗುತ್ತಿರುತ್ತದೆ. ಆಗಲೇ ಎರರ್ ಹೇಳಿದರೆ ಅದು ಸುಳ್ಳಾಗಬಹುದು. ಹಾಗಾಗಿ ಅದು ಪರ್ಸೆಂಟ್ ಎರರ್ ಮತ್ತು ವಾರ್ನಿಂಗನ್ನು ಕೊನೆಯ ಓದಿನಲ್ಲಷ್ಟೇ ಹೊರಗೆ ಬಿಡುತ್ತದೆ. ಫೇಟಲ್ ಮಾತ್ರ ಕಾಯುವುದಿಲ್ಲ, ಯಾವ ಓದಿನಲ್ಲಿ ಸಿಕ್ಕಿದರೂ ನಿಲ್ಲಿಸುತ್ತದೆ. ನೀವು ಬಹು ಓದಿನ ಅಸೆಂಬ್ಲರ್ ಬರೆಯುತ್ತಿದ್ದರೆ ಇದನ್ನೇ ಅನುಸರಿಸಿ. ಇಲ್ಲದಿದ್ದರೆ ಒಂದೇ ವಾರ್ನಿಂಗ್ ಪ್ರತಿ ಓದಿಗೊಮ್ಮೆ ಬರುತ್ತದೆ, ಅದರಲ್ಲಿ ಕೆಲವು ಹಸಿ ಸುಳ್ಳು. ಗ್ನೂ ಅಸೆಂಬ್ಲರಿನಲ್ಲಿ ಈ ಸೌಕರ್ಯ ಇಲ್ಲ. ಷರತ್ತು ಪರೀಕ್ಷಿಸುವ ಡಾಟ್ ಇಫ್ ಸಿಕ್ಕಿದ ಜಾಗದಲ್ಲೇ ಬೆಲೆ ಗೊತ್ತಿರಬೇಕು, ಮುಂದೆ ಬರುವ ಲೇಬಲನ್ನು ಅದರಲ್ಲಿ ಬಳಸಿದರೆ ಸ್ಥಿರ ಸಂಖ್ಯೆ ಅಲ್ಲ ಅಂತ ತಿರುಗಿ ಬೀಳುತ್ತದೆ. ಅಲ್ಲಿ ಬೂಟ್ ಸೆಕ್ಟರಿಗೆ ಡಾಟ್ ಆರ್ಗ್ ಬಳಸಿ 510ಕ್ಕೆ ಹೋಗಿ ಅನ್ನುವುದು ವಾಸಿ. ಕೋಡ್ ಉದ್ದ ಆಗಿದ್ದರೆ ಹಿಂದಕ್ಕೆ ಹೋಗಲಾಗದು ಅಂತ ಅದೇ ಎರರ್ ಕೊಡುತ್ತದೆ.

ಇನ್ನೊಂದು ಮಾತು. ಮ್ಯಾಕ್ರೋ ಒಳಗಿಂದ ಬೇಕಂತಲೇ ಕೊಟ್ಟ ಎರರ್‌ಗೆ ಡಾಟ್ ಎರರ್ ಇರುವ ಸಾಲನ್ನು ಮೊದಲು ತೋರಿಸುವುದು ಶುದ್ಧ ತಪ್ಪು. ಅಲ್ಲಿ ತಿದ್ದಲು ಏನೂ ಇಲ್ಲ. ಕರೆದ ಸಾಲೇ ಮೊದಲು ಬರಬೇಕು. ಸಂದೇಶದಲ್ಲಿ ಕೊಟ್ಟ ಬೆಲೆಯೂ ಬರಲಿ: ‘ಬೆಲೆ ತಪ್ಪು’ ಅನ್ನುವ ಬದಲು ‘ಔಟ್‌ಬೈಟ್: 300 ಕೊಟ್ಟಿದ್ದೀರಿ, 0ರಿಂದ 255ರ ಒಳಗೆ ಇರಬೇಕು’ ಅಂತ.

ಪ್ರಶ್ನೆ: ಬೇರೆಯವರ ಮ್ಯಾಕ್ರೋ ಫೈಲ್ ಸೇರಿಸಿಕೊಂಡರೆ ವಾರ್ನಿಂಗ್‌ಗಳ ಮಳೆ. ಎಲ್ಲಾ ವಾರ್ನಿಂಗ್ ಆಫ್ ಮಾಡಿಬಿಡಲಾ?

ಉತ್ತರ: ಬೇಡ. ಔಟ್‌ಬೈಟ್‌ಗೆ 300 ಕೊಟ್ಟ ಉದಾಹರಣೆ ನೆನಪಿದೆಯಾ? ನ್ಯಾಸಮ್ ಅದನ್ನು ಎರರ್ ಅನ್ನುವುದೇ ಇಲ್ಲ. ಬೈಟಿನ ಮಿತಿ ಮೀರಿದೆ ಅಂತ ವಾರ್ನಿಂಗ್ ಕೊಟ್ಟು, ಕೆಳಗಿನ 8 ಬಿಟ್ ಉಳಿಸಿಕೊಂಡು, ಅಂದರೆ 44 ತುಂಬಿಸಿ ಮುಂದೆ ಹೋಗುತ್ತದೆ. ವಾರ್ನಿಂಗ್ ಆಫ್ ಮಾಡಿದ್ದರೆ ಪೋರ್ಟಿಗೆ 44 ಹೋಗುತ್ತಿರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ.

ಕಾಟ ಕೊಡುವ ಒಂದು ಬಗೆಯನ್ನು ಮಾತ್ರ, ಆ ಮ್ಯಾಕ್ರೋ ಸುತ್ತಮುತ್ತ ಮಾತ್ರ ನಿಲ್ಲಿಸಿ. ನ್ಯಾಸಮ್‌ನಲ್ಲಿ ಫೈಲಿನೊಳಗೇ ವಾರ್ನಿಂಗ್ ಸ್ಥಿತಿಯನ್ನು ಪುಷ್ ಮಾಡಿ (ಉಳಿಸಿಟ್ಟು), ಬೇಕಾದ್ದನ್ನು ಆಫ್ ಮಾಡಿ, ಆಮೇಲೆ ಪಾಪ್ ಮಾಡಿ ಹಳೇ ಸ್ಥಿತಿಗೆ ಮರಳಬಹುದು. ಇದನ್ನು ಮ್ಯಾಕ್ರೋ ಬರೆದವರೇ ಒಳಗೆ ಮಾಡಿಟ್ಟರೆ ಇನ್ನೂ ಒಳ್ಳೆಯದು. ನಿಮ್ಮ ಸ್ವಂತ ಕೋಡಿಗೆ ಮಾತ್ರ ವಾರ್ನಿಂಗ್ ಎಲ್ಲಾ ಎರರ್ ಆಗಲಿ ಅಂತ ಆಯ್ಕೆ ಕೊಡಿ. ಗ್ನೂನಲ್ಲಿ ಅದಕ್ಕೆ ‘ಫೇಟಲ್ ವಾರ್ನಿಂಗ್ಸ್’ ಅಂತ ಆಯ್ಕೆ ಇದೆ.

ಪ್ರಶ್ನೆ: ಮ್ಯಾಕ್ರೋ ಬರೆದಾಗಲೇ ತಪ್ಪು ಹೇಳಬಾರದಾ? ಕರೆಯುವ ತನಕ ಯಾಕೆ ಕಾಯಬೇಕು?

ಉತ್ತರ: ಒಡಲು ಅಸೆಂಬ್ಲರ್‌ಗೆ ಬರೀ ಪಠ್ಯ. ಪ್ಯಾರಾಮೀಟರ್ ಜಾಗದಲ್ಲಿ ಏನು ಬಂದು ಕೂರುತ್ತದೋ ಗೊತ್ತಿಲ್ಲದೆ ಸೂಚನೆ ಸರಿಯೋ ತಪ್ಪೋ ಹೇಳುವುದು ಆಗದ ಮಾತು. ಸೂಚನೆಯ ಹೆಸರೇ ಪ್ಯಾರಾಮೀಟರ್ ಆಗಿರಬಹುದು. ಆದರೂ ಎರಡು ತಪ್ಪನ್ನು ಆಗಲೇ ಹಿಡಿಯಬಹುದು. ಒಂದು, ಎರಡೇ ಪ್ಯಾರಾಮೀಟರ್ ಇರುವ ಮ್ಯಾಕ್ರೋದಲ್ಲಿ ಮೂರನೆಯದನ್ನು ಬಳಸಿರುವುದು, ಅಥವಾ ಪ್ಯಾರಾಮೀಟರ್ ಹೆಸರಿನ ಕಾಗುಣಿತ ತಪ್ಪಿರುವುದು. ಗ್ನೂ ಅಸೆಂಬ್ಲರ್ ಗೊತ್ತಿಲ್ಲದ ಹೆಸರನ್ನು ಬ್ಯಾಕ್‌ಸ್ಲ್ಯಾಶ್ ಸಮೇತ ಹಾಗೇ ಬಿಡುತ್ತದೆ, ಆಮೇಲೆ ಬರುವ ಎರರ್‌ಗೆ ತಲೆ ಬುಡ ಇರುವುದಿಲ್ಲ. ನೀವು ಬರೆಯುವ ಅಸೆಂಬ್ಲರಿನಲ್ಲಿ ಇದಕ್ಕೆ ವಾರ್ನಿಂಗ್ ಇಡಿ.

ಇನ್ನೊಂದು, ಮ್ಯಾಕ್ರೋ ಮುಗಿಸುವ ಸಾಲೇ ಇಲ್ಲದಿರುವುದು. ಅಸೆಂಬ್ಲರ್ ಫೈಲಿನ ಕೊನೆ ತನಕ ಎಲ್ಲವನ್ನೂ ಒಡಲು ಅಂತ ನುಂಗುತ್ತಾ ಹೋಗಿ ಕೊನೇ ಸಾಲಿನಲ್ಲಿ ಎರರ್ ಹೇಳಿದರೆ ಏನು ಉಪಯೋಗ? ಮ್ಯಾಕ್ರೋ ಶುರುವಾದ ಸಾಲನ್ನು ಹೇಳಿ.

ಪ್ರಶ್ನೆ: ಸಿ ಪ್ರಿಪ್ರೊಸೆಸರ್ (ಅಸೆಂಬ್ಲರಿಗೂ ಮುಂಚೆ ಪಠ್ಯ ಬದಲಿಸುವ ಪ್ರೋಗ್ರಾಂ) ಹಾಯುವ ಅಸೆಂಬ್ಲಿ ಫೈಲಿನಲ್ಲಿ ಹ್ಯಾಶ್ ಡಿಫೈನ್ ಬಳಸಿ ಹತ್ತು ಸಾಲಿನ ಮ್ಯಾಕ್ರೋ ಬರೆದಿದ್ದೇನೆ. ಎರರ್ ಯಾವುದೇ ಇರಲಿ, ಒಂದೇ ಸಾಲಿನ ನಂಬರ್ ಬರುತ್ತದೆ. ಯಾಕೆ?

ಉತ್ತರ: ಅಸೆಂಬ್ಲರ್ ಕೈಗೆ ಸಿಗುವ ಹೊತ್ತಿಗೆ ಅದು ಹತ್ತು ಸಾಲು ಆಗಿರುವುದಿಲ್ಲ. ಸಾಲಿನ ಕೊನೆಯ ಬ್ಯಾಕ್‌ಸ್ಲ್ಯಾಶ್‌ಗಳನ್ನು ತೆಗೆದು ಪ್ರಿಪ್ರೊಸೆಸರ್ ಸಾಲುಗಳನ್ನು ಅಂಟಿಸಿ, ಸೆಮಿಕೋಲನ್‌ಗಳಿರುವ ಒಂದೇ ಉದ್ದ ಸಾಲು ಮಾಡಿರುತ್ತದೆ. ಮ್ಯಾಕ್ರೋ ಇತ್ತು ಅನ್ನೋದೇ ಅಸೆಂಬ್ಲರ್‌ಗೆ ಗೊತ್ತಿಲ್ಲ. ಅಸೆಂಬ್ಲರಿನ ಸ್ವಂತ ಡಾಟ್ ಮ್ಯಾಕ್ರೋಗೆ ಬದಲಿಸಿ, ಹ್ಯಾಶ್ ಡಿಫೈನನ್ನು ಸ್ಥಿರ ಸಂಖ್ಯೆಗಳಿಗೆ ಇಟ್ಟುಕೊಳ್ಳಿ. ಬದಲಿಸಲು ಆಗದಿದ್ದರೆ ಪ್ರಿಪ್ರೊಸೆಸರನ್ನು ಮಾತ್ರ ಓಡಿಸಿ ಬಂದ ಪಠ್ಯವನ್ನು ಕಣ್ಣಾರೆ ನೋಡಿ.

ಪ್ರಶ್ನೆ: ಲಿಸ್ಟಿಂಗ್ ಫೈಲಿನಲ್ಲಿ (ಮೂಲ ಸಾಲುಗಳ ಜೊತೆ ಹುಟ್ಟಿದ ಕೋಡನ್ನು ಬರೆದಿಡುವ ಫೈಲ್) ಬಿಡಿಸಿದ ಸಾಲುಗಳು ಕಾಣಬೇಕಾ, ಬೇಡವಾ?

ಉತ್ತರ: ಕೇಳಿದಾಗ ಕಾಣಬೇಕು. ಐಬಿಎಂನಲ್ಲಿ ಪ್ರಿಂಟ್ ಜೆನ್ ಅಂದರೆ ಕಾಣುತ್ತವೆ, ನೋಜೆನ್ ಅಂದರೆ ಇಲ್ಲ. ಕಂಡಾಗ ಹುಟ್ಟಿಸಿದ ಸಾಲಿಗೆ ಪ್ಲಸ್ ಗುರುತು ಇರುತ್ತದೆ. ಗ್ನೂನಲ್ಲಿ ಲಿಸ್ಟಿಂಗ್ ಆಯ್ಕೆಗೆ ‘ಎಂ’ ಅಕ್ಷರ ಸೇರಿಸಿದರಾಯಿತು. ಒಂದು ನಿಯಮ ನನ್ನದು: ಎರರ್ ಇರುವ ಸಾಲನ್ನು ಯಾರೂ ಕೇಳದಿದ್ದರೂ ತೋರಿಸಬೇಕು.

ಪ್ರಶ್ನೆ: ಎರರ್ ಬಂದಾಗ ಅರ್ಧಂಬರ್ಧ ಆಬ್ಜೆಕ್ಟ್ ಫೈಲ್ (ಅಸೆಂಬ್ಲರ್ ಹುಟ್ಟಿಸುವ ಯಂತ್ರ ಕೋಡಿನ ಫೈಲ್) ಉಳಿಸಬಹುದಾ? ತಪ್ಪು ಹುಡುಕಲು ಅನುಕೂಲ ಅಂತ ನನ್ನ ಗೆಳೆಯ ವಾದ ಮಾಡುತ್ತಾನೆ.

ಉತ್ತರ: ಮಾಮೂಲಿಯಾಗಿ ಉಳಿಸಬಾರದು. ಬದಲಾದ ಫೈಲುಗಳನ್ನಷ್ಟೇ ಮತ್ತೆ ಕಟ್ಟಿಸುವ ಮೇಕ್ ಪ್ರೋಗ್ರಾಂ ನೋಡುವುದು ಫೈಲಿನ ಸಮಯವನ್ನು. ಹೊಸ ಆಬ್ಜೆಕ್ಟ್ ಫೈಲ್ ಬಿದ್ದಿದ್ದರೆ ಮುಂದಿನ ಸಲ ‘ಇದು ಆಗಲೇ ತಯಾರಿದೆ’ ಅಂತ ಅಸೆಂಬ್ಲರನ್ನು ಕರೆಯುವುದೇ ಇಲ್ಲ, ಕೆಟ್ಟ ಫೈಲೇ ಲಿಂಕ್ ಆಗುತ್ತದೆ. ಎರರ್ ಇದ್ದರೆ ಫೈಲ್ ಅಳಿಸಿ, ಸೊನ್ನೆಯಲ್ಲದ ಕೋಡ್ ಕೊಟ್ಟು ಹೊರಗೆ ಬನ್ನಿ. ನಿಮ್ಮ ಗೆಳೆಯ ಹೇಳುವ ಅನುಕೂಲ ಬೇಕೇ ಬೇಕು ಅಂದರೆ ಅದಕ್ಕೊಂದು ಆಯ್ಕೆ ಇಡಿ. ಗ್ನೂ ಅಸೆಂಬ್ಲರಿನಲ್ಲಿ ದೊಡ್ಡ ‘ಝಡ್’ ಆಯ್ಕೆ ಮಾಡುವುದು ಇದನ್ನೇ, ಎರರ್ ಬಂದರೂ ಫೈಲ್ ಬರೆಯುತ್ತದೆ. ಅದನ್ನು ಮೇಕ್‌ಫೈಲಿನಲ್ಲಿ ಮಾತ್ರ ಹಾಕಬೇಡಿ.